ಮುಂದಿನ ಸಾಲಿನ ಸೋಫಾ

ನವೆಂಬರ್ ಒಂದಕ್ಕೆ ಶುರುವಾಗುವ ರಾಜ್ಯೋತ್ಸವ ಉತ್ತರ ಬೆಂಗಳೂರಿನಲ್ಲಿ ಸಂಕ್ರಾಂತಿ ದಾಟಿದರೂ ಮುಗಿಯುವುದಿಲ್ಲ. ಯಲಹಂಕ ಉಪನಗರದ ಮೈದಾನ, ಮತ್ತೀಕೆರೆಯ ಅಡ್ಡರಸ್ತೆ, ಆರ್.ಟಿ. ನಗರದ ಬಯಲು, ಹೆಬ್ಬಾಳದ ಅಪಾರ್ಟ್‌ಮೆಂಟುಗಳ ಕ್ಲಬ್‌ಹೌಸು, ಎಲ್ಲ ಕಡೆಯೂ ಕಾರ್ಯಕ್ರಮದ ಪಟ್ಟಿ ಹೆಚ್ಚುಕಡಿಮೆ ಒಂದೇ. ಧ್ವಜಾರೋಹಣ, ಸನ್ಮಾನ, ಹಾಸ್ಯ ಸಂಜೆ, ಕೊನೆಗೆ ಆರ್ಕೆಸ್ಟ್ರಾ. ಪ್ರವೇಶ ಉಚಿತ. ಮುಂದಿನ ಸಾಲಿನಲ್ಲಿ ಬಿಳಿ ಬಟ್ಟೆ ಹೊದಿಸಿದ ಸೋಫಾ, ಅದರ ಹಿಂದೆ ಪ್ಲಾಸ್ಟಿಕ್ ಕುರ್ಚಿ, ಅದರಾಚೆ ನಿಂತ ಜನ. ಸ್ವಾಗತ ಕಮಾನಿನ ಮೇಲೆ ತಾಯಿ ಭುವನೇಶ್ವರಿಗಿಂತ ದೊಡ್ಡದಾಗಿ ಕಾಣುವ ಮುಖ ಒಂದೋ ಶಾಸಕರದ್ದು, ಇಲ್ಲವೇ ಶಾಸಕರಾಗಬೇಕೆಂದು ಇರುವವರದ್ದು. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ಮಾಜಿಗಳೂ ಆಕಾಂಕ್ಷಿಗಳೂ ಸೇರಿಕೊಂಡು ಕಮಾನು ಇನ್ನಷ್ಟು ಅಗಲವಾಯಿತು.

ಹಾಸ್ಯ ಶುರುವಾಗುವ ಮುಂಚೆ ಯಾರಾದರೊಬ್ಬರು ಒಂದು ಮಾತು ಹೇಳಿಯೇ ಹೇಳುತ್ತಾರೆ. ಹಾಸ್ಯವೆಂದರೆ ಸಮಾಜವನ್ನು ತಿದ್ದುವ ಚಾಟಿ. ಕೈಲಾಸಂ ನಗಿಸುತ್ತಲೇ ತಿದ್ದಿದರು, ಮಾಸ್ಟರ್ ಹಿರಣ್ಣಯ್ಯ ನಗಿಸುತ್ತಲೇ ಮಂತ್ರಿಗಳ ಬೆವರಿಳಿಸಿದರು. ಅಷ್ಟು ಹೇಳಿ ಒಂದು ನಿಟ್ಟುಸಿರು. ಈಗಿನವರಿಗೆ ಆ ಎದೆಗಾರಿಕೆ ಎಲ್ಲಿ, ಗಂಡ ಹೆಂಡತಿ ಜಗಳ, ಅತ್ತೆ ಸೊಸೆ, ಮಕ್ಕಳ ಇಂಗ್ಲಿಷು ಬಿಟ್ಟರೆ ಬೇರೇನಿದೆ ಎಂದು. ವಿಚಾರ ಸಂಕಿರಣಗಳಲ್ಲಿ ಇದೇ ಮಾತು ಇಸ್ತ್ರಿ ಮಾಡಿದ ಭಾಷೆಯಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ನನಗೆ ಈ ಮಾತಿನ ಎರಡು ಭಾಗವೂ ಒಪ್ಪಿಗೆಯಿಲ್ಲ. ಹಾಸ್ಯ ನಾಟಕ ಸಮಾಜವನ್ನು ತಿದ್ದಿತು ಎನ್ನುವುದಕ್ಕೆ ಸಾಕ್ಷಿ ಹುಡುಕಿದರೆ ಸಿಗುವುದಿಲ್ಲ. ಇನ್ನು ಹಾಸ್ಯಗಾರನ ನಾಲಿಗೆ ಎಷ್ಟು ಉದ್ದ ಚಾಚಬಹುದು ಎನ್ನುವುದನ್ನು ಅವನ ಧೈರ್ಯಕ್ಕಿಂತ ಮುಂಚೆ ತೀರ್ಮಾನಿಸುವವರು ಆ ಸಂಜೆಯ ಖರ್ಚು ಕೊಟ್ಟವರು. ಇದನ್ನು ನಮ್ಮ ವಾರ್ಡಿನ ಉದಾಹರಣೆಯಿಂದಲೇ ಶುರು ಮಾಡಿದರೆ ಯಾರದೋ ಮೇಲಿನ ಸಿಟ್ಟಿನಂತೆ ಕಾಣುತ್ತದೆ. ಎರಡು ಸಾವಿರದ ಇನ್ನೂರು ವರ್ಷ ಹಿಂದಿನ ರೋಮಿನಿಂದ ಶುರು ಮಾಡುವುದು ಕ್ಷೇಮ. ಅಲ್ಲಿಯವರು ಯಾರೂ ಬಂದು ಗಲಾಟೆ ಮಾಡುವುದಿಲ್ಲ.

ರೋಮಿನಲ್ಲಿ ಬರೆದಿಟ್ಟು ಆಡುವ ನಾಟಕದ ಇತಿಹಾಸವನ್ನು ಕ್ರಿ.ಪೂ. 240ರಿಂದ ಎಣಿಸುತ್ತಾರೆ. ಆ ವರ್ಷದ ರೋಮನ್ ಉತ್ಸವದಲ್ಲಿ ಲಿವಿಯಸ್ ಆಂಡ್ರೋನಿಕಸ್ ಎಂಬಾತ ಗ್ರೀಕ್ ನಾಟಕವನ್ನು ಲ್ಯಾಟಿನ್ನಿಗೆ ತಂದು ಆಡಿಸಿದ. ನಾಟಕಕ್ಕೆ ಅಲ್ಲಿ ಸ್ವಂತ ದಿನ ಇರಲಿಲ್ಲ. ದೇವರ ಉತ್ಸವ, ದೇವಸ್ಥಾನದ ಪ್ರತಿಷ್ಠೆ, ದೊಡ್ಡವರೊಬ್ಬರ ಉತ್ತರಕ್ರಿಯೆ, ಇಂಥ ಸಂದರ್ಭದಲ್ಲಿ ಮರದ ಅಟ್ಟ ಕಟ್ಟುತ್ತಿದ್ದರು, ಮುಗಿದ ಮೇಲೆ ಬಿಚ್ಚುತ್ತಿದ್ದರು. ಖರ್ಚಿಗೆ ಖಜಾನೆಯಿಂದ ಒಂದಿಷ್ಟು ಬರುತ್ತಿತ್ತು. ಮಿಕ್ಕದ್ದು ‘ಈಡೈಲ್’ ಎಂಬ ಅಧಿಕಾರಿಯ ಕೈಯಿಂದ. ಈಡೈಲನ ಕೆಲಸವೇನೆಂದರೆ ಬೀದಿ, ಸಂತೆ, ತೂಕ ಅಳತೆ, ದವಸದ ಸರಬರಾಜು ಮತ್ತು ಉತ್ಸವ. ನಮ್ಮ ಕಾರ್ಪೊರೇಟರ್ ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಅದನ್ನೇ. ಒಂದು ವರ್ಷದ ಅಧಿಕಾರ. ಮುಂದೆ ಪ್ರೀಟರ್ ಆಗಬೇಕು, ಕಾನ್ಸಲ್ ಆಗಬೇಕು ಎಂದರೆ ಮತ ಹಾಕುವಾಗ ಜನಕ್ಕೆ ಇವನ ಹೆಸರು ನೆನಪಿಗೆ ಬರಬೇಕು. ಆದ್ದರಿಂದ ಸಾಲ ಮಾಡಿಯಾದರೂ ಉತ್ಸವಕ್ಕೆ ಸುರಿಯುವವರು ಇದ್ದರು. ನೋಡುವವರಿಗೆ ಪುಕ್ಕಟೆ. ಕ್ರಿ.ಪೂ. 194ರಲ್ಲಿ ಸೆನೆಟರುಗಳಿಗೆಂದು ಪ್ರತ್ಯೇಕ ಆಸನ ಮೀಸಲಾಯಿತು. ಐನೂರೈವತ್ತು ಚಿಲ್ಲರೆ ವರ್ಷ ಎಲ್ಲರ ಜೊತೆ ಕೂತು ನೋಡಿದವರಿಗೆ ಈಗೇನು ಬಂತು ಎಂದು ಜನ ಗೊಣಗಿದ್ದನ್ನು ಇತಿಹಾಸಕಾರ ಲಿವಿ ದಾಖಲಿಸಿದ್ದಾನೆ. ಸೋಫಾದ ಚರಿತ್ರೆ ಅಷ್ಟು ಹಳೆಯದು.

ಇಂಥ ಉತ್ಸವಗಳಿಗೆ ಬರೆದವನು ಪ್ಲಾಟಸ್. ಉಂಬ್ರಿಯಾದ ಸಾರ್ಸಿನಾ ಎಂಬ ಊರಿನವನು, ಸತ್ತದ್ದು ಕ್ರಿ.ಪೂ. 184ರಲ್ಲಿ. ಇಪ್ಪತ್ತು ನಾಟಕ ಉಳಿದಿವೆ. ಅವನ ಪಾತ್ರಗಳು ಯಾರು ನೋಡಿ. ಜಿಪುಣ ಅಪ್ಪ, ಪ್ರೇಮದಲ್ಲಿ ಬಿದ್ದು ಸಾಲಗಾರನಾದ ಮಗ, ಸೂಳೆ, ಅವಳನ್ನು ಮಾರುವ ತಲೆಹಿಡುಕ, ಬಡಾಯಿ ಕೊಚ್ಚುವ ಸಿಪಾಯಿ, ಯಾರ ಮನೆ ಊಟಕ್ಕಾದರೂ ತಯಾರಾದ ಹೊಟ್ಟೆಬಾಕ, ಇವರೆಲ್ಲರನ್ನೂ ಯಾಮಾರಿಸುವ ಗುಲಾಮ. ಹೆಸರು ಹಿಡಿದು ಗೇಲಿಯಾದ ಸೆನೆಟರ್ ಒಬ್ಬನೂ ಇಲ್ಲ. ಕಥೆ ನಡೆಯುವುದು ಅಥೆನ್ಸಿನಲ್ಲೋ ಎಪಿಡಾಮ್ನಸಿನಲ್ಲೋ, ಹೆಸರೂ ಗ್ರೀಕ್, ಉಡುಪೂ ಗ್ರೀಕ್. ಇವನಿಗಿಂತ ಸ್ವಲ್ಪ ಹಿರಿಯನಾದ ನೀವಿಯಸ್, ಮೆಟೆಲಸ್ ಎಂಬ ಬಲಾಢ್ಯ ಮನೆತನವನ್ನು ಕೆಣಕಿ ಸೆರೆಮನೆ ಕಂಡನೆಂದು ಹಿಂದಿನವರು ಬರೆದಿಟ್ಟಿದ್ದಾರೆ. ಪ್ಲಾಟಸ್ ತನ್ನ ‘ಬಡಾಯಿ ಸಿಪಾಯಿ’ ನಾಟಕದಲ್ಲಿ ಕಾವಲಿನಲ್ಲಿ ಕೂತ ಒಬ್ಬ ಕವಿಯ ಕಡೆಗೆ ಕಣ್ಣು ಮಿಟುಕಿಸಿ ಮುಂದೆ ಹೋಗುತ್ತಾನೆ. ಆ ಕವಿ ನೀವಿಯಸ್ಸೇ ಇರಬೇಕೆಂದು ಪಂಡಿತರ ಊಹೆ.

ಪ್ಲಾಟಸ್ ಪುಕ್ಕಲನಾಗಿದ್ದನೇ? ಹಾಗೆಂದು ಬರೆದವರಿದ್ದಾರೆ. ಗ್ರೀಕರ ಅರಿಸ್ಟೊಫನೀಸ್ ತನ್ನ ಊರಿನ ಮುಖಂಡರನ್ನು ಹೆಸರು ಹಿಡಿದು ಜಾಡಿಸಿದ, ರೋಮನ್ನರು ಮಾತ್ರ ಅಪ್ಪ ಮಗನ ಜಗಳಕ್ಕೆ ಇಳಿದರು, ಅದೂ ಕದ್ದ ಕಥೆ ಎಂದು. ಕದ್ದದ್ದರ ಮಾತು ಮೊದಲು ಮುಗಿಸಿಬಿಡುತ್ತೇನೆ. ಗ್ರೀಕ್ ನಾಟಕಕಾರ ಮೆನಾಂಡರನ ಮೂಲ ನಾಟಕವೊಂದರ ತುಣುಕು ಈಜಿಪ್ಟಿನ ಪಪೈರಸ್ಸಿನಲ್ಲಿ ಸಿಕ್ಕಿ 1968ರಲ್ಲಿ ಅಚ್ಚಾದಾಗ, ಅದನ್ನು ಪ್ಲಾಟಸ್‌ನ ‘ಬಾಕ್ಕಿಡೆಸ್’ ಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು. ದೃಶ್ಯ ಕತ್ತರಿಸಿದ್ದಾನೆ, ಹೆಸರು ಬದಲಿಸಿದ್ದಾನೆ, ಮಾತಿದ್ದ ಕಡೆ ಹಾಡಿನ ಲಯ ತಂದಿದ್ದಾನೆ. ಅದೇ ಪ್ಲಾಟಸ್‌ನ ಅವಳಿಗಳ ನಾಟಕ ಶೇಕ್ಸ್‌ಪಿಯರನ ಕೈಯಲ್ಲಿ ಇಮ್ಮಡಿ ಅವಳಿಗಳ ಗೊಂದಲವಾಗಿ, 1871ರಲ್ಲಿ ಚನ್ನಬಸಪ್ಪನವರ ಕೈಯಲ್ಲಿ ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ಬಂತು. ಅದೇ ಕಥೆಯ 1997ರ ‘ಉಲ್ಟಾ ಪಲ್ಟಾ’ ಸಿನಿಮಾವನ್ನು ಯಶವಂತಪುರದ ಚಿತ್ರಮಂದಿರದಲ್ಲಿ ನೋಡಿ ನಕ್ಕವರಿಗೆ ತಾವು ಉಂಬ್ರಿಯಾದ ಒಬ್ಬನಿಗೆ ನಗುತ್ತಿದ್ದೇವೆಂದು ಗೊತ್ತಿರಬೇಕಾಗಿರಲಿಲ್ಲ. ಕಳ್ಳತನ ಎಂದರೆ ಕಳ್ಳತನ. ನಮ್ಮ ಪಾಲೂ ಅದರಲ್ಲಿದೆ.

ಪುಕ್ಕಲುತನದ ಆರೋಪ ಹೆಚ್ಚು ಗಂಭೀರ. ಅದಕ್ಕೆ ಉತ್ತರ ಅಟ್ಟದ ಮೇಲಿನ ಗುಲಾಮನಲ್ಲಿದೆ. ರೋಮಿನ ನ್ಯಾಯಾಲಯದಲ್ಲಿ ಗುಲಾಮನ ಸಾಕ್ಷಿಗೆ ಬೆಲೆ ಬರಬೇಕಾದರೆ ಚಿತ್ರಹಿಂಸೆ ಕೊಟ್ಟು ಬಾಯಿ ಬಿಡಿಸಿರಬೇಕು. ಅಂಥ ಊರಿನಲ್ಲಿ, ಕ್ರಿ.ಪೂ. 191ರಲ್ಲಿ, ಮಹಾಮಾತೆಯ ದೇವಸ್ಥಾನದ ಪ್ರತಿಷ್ಠೆಯ ದಿನ ‘ಸ್ಯೂಡೊಲಸ್’ ನಾಟಕ ಆಡಿದರು. ಅದರ ನಾಯಕ ಗುಲಾಮ. ಉದ್ದದ ಮಾತು ಅವನದು, ಉಪಾಯ ಅವನದು, ಸಭಿಕರನ್ನು ನೇರ ಮಾತಾಡಿಸಿ ಪಕ್ಷ ಕಟ್ಟಿಕೊಳ್ಳುವವನೂ ಅವನೇ. ಇಂದು ನಿನ್ನನ್ನು ಯಾಮಾರಿಸುತ್ತೇನೆ ಎಂದು ಯಜಮಾನನಿಗೆ ಮೊದಲೇ ಹೇಳಿ, ಪಂದ್ಯ ಕಟ್ಟಿ, ಗೆಲ್ಲುತ್ತಾನೆ. ಸಭೆಯಲ್ಲಿ ಗುಲಾಮರೂ ಇದ್ದರು. ‘ಪೀನುಲಸ್’ ಎಂಬ ಇನ್ನೊಂದು ನಾಟಕದ ಪೀಠಿಕೆ ನಮ್ಮ ಮೈಕ್ ಹಿಡಿದವರನ್ನೂ ಮೀರಿಸುತ್ತದೆ. ಗುಲಾಮರು ಕುರ್ಚಿ ಹಿಡಿಯಬಾರದು, ಸ್ವತಂತ್ರರಿಗೆ ಜಾಗ ಬಿಡಬೇಕು. ದಾದಿಯರು ಎಳೆಗೂಸುಗಳನ್ನು ಇಲ್ಲಿಗೆ ತರದೆ ಮನೆಯಲ್ಲೇ ನೋಡಿಕೊಳ್ಳಬೇಕು. ಗೃಹಿಣಿಯರು ಸದ್ದಿಲ್ಲದೆ ನಗಬೇಕು. ಜಾಗ ತೋರಿಸುವವನು ನಟನ ಮುಖಕ್ಕೆ ಅಡ್ಡ ಓಡಾಡಬಾರದು. ಬೇಡ ಎಂದು ಹೇಳಬೇಕಾಯಿತು ಎಂದರೆ ಅವೆಲ್ಲ ನಡೆಯುತ್ತಿತ್ತು ಎಂದೇ ಅರ್ಥ. ಪುಕ್ಕಟೆ ನಾಟಕ ಇಡೀ ಊರನ್ನು ಒಂದು ಅಟ್ಟದ ಮುಂದೆ ತಂದು ಕೂರಿಸಿತ್ತು, ಮಗು ಅಳುವುದೂ ಸೇರಿ.

ಇನ್ನು ಅಟ್ಟದ ಮೇಲೆ ಗುಲಾಮನ ವೇಷ ಹಾಕಿದವನೂ ಹಲವು ಸಲ ಗುಲಾಮನೇ, ಅಥವಾ ಬಿಡುಗಡೆಯಾದವನು. ನಟನಾದವನಿಗೆ ಕಾನೂನಿನಲ್ಲಿ ಕಳಂಕ, ನಾಗರಿಕನ ಹಲವು ಹಕ್ಕುಗಳಿಗೆ ಅವನು ಬಾಹಿರ. ‘ಸಿಸ್ಟೆಲ್ಲಾರಿಯಾ’ ನಾಟಕದ ಕೊನೆಯಲ್ಲಿ, ಈಗ ವೇಷ ಕಳಚುತ್ತೇವೆ, ತಪ್ಪಿದವನಿಗೆ ಏಟು, ತಪ್ಪದವನಿಗೆ ಕುಡಿತ ಎಂಬ ಅರ್ಥದ ಮಾತು ಬರುತ್ತದೆ. ಸಭೆ ಅದಕ್ಕೂ ನಕ್ಕಿರಬೇಕು.

ಇದನ್ನು ಕಂಡು ಎರಡು ಬಗೆಯ ವಿಮರ್ಶಕರು ಎರಡು ಕಡೆ ಎಳೆಯುತ್ತಾರೆ. ಗುಲಾಮನ ಗೆಲುವು ವ್ಯವಸ್ಥೆಯ ವಿರುದ್ಧದ ಬಂಡಾಯ ಎಂದು ಕೆಲವರು. ಇಲ್ಲ, ಒಂದು ದಿನ ನಗಲು ಬಿಟ್ಟು ವರ್ಷವಿಡೀ ಬಾಯಿ ಮುಚ್ಚಿಸುವ ಉಪಾಯ ಎಂದು ಇನ್ನು ಕೆಲವರು. ಎರಡನೆಯದು ಕೇಳಲು ಜಾಣತನದ ಮಾತು, ಈಗಂತೂ ಅದೇ ರೂಢಿ. ಆದರೆ ಇಸವಿಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಕ್ರಿ.ಪೂ. 198ರಲ್ಲಿ ಸೆಟಿಯಾದಲ್ಲಿ ಗುಲಾಮರ ಒಳಸಂಚು, 196ರಲ್ಲಿ ಎಟ್ರೂರಿಯಾದಲ್ಲಿ ದಂಗೆ, 185ರಲ್ಲಿ ಅಪೂಲಿಯಾದಲ್ಲಿ ಕುರಿ ಕಾಯುವ ಗುಲಾಮರು ಎದ್ದು ಸುಮಾರು 7,000 ಮಂದಿಗೆ ಶಿಕ್ಷೆಯಾಯಿತು. ಇವೆಲ್ಲ ಪ್ಲಾಟಸ್ ಬದುಕಿದ್ದ ಕಾಲದವು. ಅವನ ನಾಟಕ ಆ ಸಿಟ್ಟನ್ನು ತಣಿಸಲಿಲ್ಲ. ದಂಗೆಯೆದ್ದ ಕುರಿಗಾಹಿ ‘ಸ್ಯೂಡೊಲಸ್’ ನೋಡಿ ಎದ್ದನೆಂದು ಹೇಳುವ ಮೂರ್ಖತನವನ್ನೂ ಯಾರೂ ಮಾಡಲಾರರು. ಸಾವಿರಾರು ಜನರ ಮುಂದೆ, ಊರ ಯಜಮಾನರ ದುಡ್ಡಿನಲ್ಲೇ, ಮಾತಿಗೆ ಬೆಲೆಯಿಲ್ಲದ ಒಬ್ಬನಿಗೆ ಎರಡು ಗಂಟೆ ಮಾತು ಸಿಕ್ಕಿತು. ನನ್ನ ಮಟ್ಟಿಗೆ ಆ ನಾಟಕದ ಸಾಮಾಜಿಕ ಸ್ಥಾನ ಅದು. ಅದರಿಂದ ಏನು ಬದಲಾಯಿತು ಎಂಬ ಪ್ರಶ್ನೆಯನ್ನು ನಾವು ಶೋಕನಾಟಕಕ್ಕೆ ಕೇಳುವುದಿಲ್ಲ, ಸಂಗೀತ ಕಚೇರಿಗೆ ಕೇಳುವುದಿಲ್ಲ. ಹಾಸ್ಯದವನನ್ನು ಮಾತ್ರ ಲೆಕ್ಕ ಒಪ್ಪಿಸು ಎಂದು ನಿಲ್ಲಿಸುತ್ತೇವೆ.

ಒಪ್ಪಿಸಲು ಕೂತರೆ ನಮ್ಮ ಲೆಕ್ಕವೂ ಹೀಗೇ ಇದೆ. ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಹೇಳುವ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ 1887ರದು. ಬರೆದವರು ಕರ್ಕಿ ವೆಂಕಟರಮಣ ಶಾಸ್ತ್ರಿ ಸೂರಿ. ಹಣ ಕೊಟ್ಟು ಎಳೆಯ ಹುಡುಗಿಯನ್ನು ಮುದುಕ ತರುವ ಪದ್ಧತಿಯನ್ನು ಹವ್ಯಕ ಮಾತಿನಲ್ಲೇ ಹಿಡಿದು ಗೇಲಿ ಮಾಡಿದ ಕೃತಿ, ಉದ್ದೇಶವೂ ಸುಧಾರಣೆಯೇ. ಏಳು ವರ್ಷದ ಮೇಲೆ, 1894ರಲ್ಲಿ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಬಾರದೆಂದು ಕಾಯಿದೆ ಬಂತು. ಎಲ್ಲಿ? ಮೈಸೂರು ಸಂಸ್ಥಾನದಲ್ಲಿ. ಸೂರಿಯವರ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬಾಲ್ಯವಿವಾಹ ತಡೆಯುವ ಕಾನೂನಿಗಾಗಿ ಅದು 1929ರವರೆಗೆ ಕಾಯಬೇಕಾಯಿತು. ನಾಟಕ ಬಂದ ಕಡೆ ಕಾಯಿದೆ ಇಲ್ಲ, ಕಾಯಿದೆ ಬಂದ ಕಡೆ ಆ ನಾಟಕ ಇಲ್ಲ.

ಕೈಲಾಸಂ ಅವರ ‘ಟೊಳ್ಳು ಗಟ್ಟಿ’ 1918ರ ಹೊತ್ತಿನದು. ಪಾಠ ಉರುಹಚ್ಚುವ ಅಣ್ಣ ಟೊಳ್ಳು, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ತಮ್ಮ ಗಟ್ಟಿ. ನೂರು ವರ್ಷ ಬೆಂಗಳೂರು ಇದಕ್ಕೆ ನಕ್ಕಿತು. ಯಲಹಂಕದಿಂದ ಸಹಕಾರನಗರದವರೆಗೆ ಒಂದು ಸುತ್ತು ಹೊಡೆದರೆ ನೀಟ್, ಜೆಇಇ ಕೋಚಿಂಗಿನ ಫಲಕಗಳಲ್ಲಿ ರ‍್ಯಾಂಕ್ ಬಂದ ಮಕ್ಕಳ ಮುಖಗಳು ಸಾಲಾಗಿ ನೋಡುತ್ತವೆ. ಶಾಲಾ ವಾರ್ಷಿಕೋತ್ಸವದಲ್ಲಿ ‘ಟೊಳ್ಳು ಗಟ್ಟಿ’ ಆಡಿಸಿ, ಮಾರನೆಯ ದಿನ ಎಂಟನೇ ಕ್ಲಾಸಿಗೇ ಫೌಂಡೇಷನ್ ಕೋರ್ಸು ಶುರು ಮಾಡುವುದರಲ್ಲಿ ಯಾರಿಗೂ ಇರಿಸುಮುರಿಸು ಕಾಣುವುದಿಲ್ಲ. ಕೈಲಾಸಂ ಗೇಲಿ ಮಾಡಿದ ಇಂಗ್ಲಿಷ್ ಬೆರೆತ ಕನ್ನಡವನ್ನು ಗೇಲಿಗೊಳಗಾದವರೇ ಚಪ್ಪರಿಸಿ ಅನುಕರಿಸಿದರು. ತಿದ್ದಿದರು ಎನ್ನುವವರು ಇದನ್ನು ಯಾವ ಕಾಲಮಿನಲ್ಲಿ ಬರೆಯುತ್ತಾರೋ ಗೊತ್ತಿಲ್ಲ. ಆ ನಾಟಕದ ರುಚಿ ಅದರ ಮಾತಿನಲ್ಲಿದೆ, ಅಡಿಗೆಮನೆಯಿಂದ ನಡುಮನೆಗೆ ಹರಿಯುವ ಆ ವೇಗದಲ್ಲಿದೆ. ಅದಕ್ಕೆ ಸುಧಾರಣೆಯ ಪ್ರಮಾಣಪತ್ರ ಅಂಟಿಸುವುದು ಬೇಕಿಲ್ಲ.

‘ಲಂಚಾವತಾರ’ದ ವಿಷಯಕ್ಕೆ ಬಂದಾಗ ಮಾತ್ರ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅದೊಂದು ಬೇರೆಯ ಬಗೆ. ಮಾಸ್ಟರ್ ಹಿರಣ್ಣಯ್ಯ 1934ರಲ್ಲಿ ಮೈಸೂರಿನಲ್ಲಿ ಹುಟ್ಟಿ 2019ರ ಮೇ ತಿಂಗಳಲ್ಲಿ ತೀರಿಕೊಂಡರು. ತಂದೆ ಕೆ. ಹಿರಣ್ಣಯ್ಯ ಕಟ್ಟಿದ ಹಿರಣ್ಣಯ್ಯ ಮಿತ್ರ ಮಂಡಳಿಯನ್ನು ಮುಂದುವರಿಸಿದರು. ‘ಲಂಚಾವತಾರ’ ಹತ್ತು ಸಾವಿರಕ್ಕೂ ಹೆಚ್ಚು ಪ್ರಯೋಗ ಕಂಡಿತೆಂಬುದು ಎಲ್ಲರೂ ಹೇಳುವ ಲೆಕ್ಕ. ನಾಟಕದ ನಡುವೆ ಕಥೆಯನ್ನು ಪಕ್ಕಕ್ಕೆ ಸರಿಸಿ, ಬೆಳಗಿನ ಪೇಪರಿನ ಸುದ್ದಿ ಹಿಡಿದು, ಆಳುವವರನ್ನು ಹೆಸರು ಹೇಳಿಯೇ ಝಾಡಿಸುತ್ತಿದ್ದರು. ಪ್ಲಾಟಸ್ ಕನಸಿನಲ್ಲೂ ಮಾಡದ ಕೆಲಸ. ಆದರೂ ಲಂಚ ಕಡಿಮೆಯಾಯಿತೇ? 1984ರಲ್ಲಿ ಲೋಕಾಯುಕ್ತ ಕಾಯ್ದೆ ಬಂದದ್ದು 1983ರ ಚುನಾವಣೆಯಲ್ಲಿ ಸರ್ಕಾರ ಬದಲಾದ್ದರಿಂದ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಬಂದದ್ದು, 2022ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು, ಯಾವುದರಲ್ಲೂ ನಾಟಕದ ಪಾತ್ರವಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತರೂ ‘ಲಂಚಾವತಾರ’ಕ್ಕೆ ಟಿಕೆಟ್ ಕೊಂಡು ಹೋಗಿ ಎಲ್ಲರಿಗಿಂತ ಜೋರಾಗಿ ನಕ್ಕಿರಬೇಕು. ಟಿಕೆಟ್ಟಿನ ದುಡ್ಡು ಎಲ್ಲಿಂದ ಬಂತು ಎಂದು ಯಾರು ಕೇಳಿದರು?

ಮಂತ್ರಿಗಳ ಬೆವರಿಳಿಸಿದರು ಎಂಬ ಮಾತಿಗೂ ರೋಮಿನಲ್ಲಿ ಒಂದು ಉತ್ತರವಿದೆ. ಕ್ರಿ.ಪೂ. 46ರಲ್ಲಿ ಜೂಲಿಯಸ್ ಸೀಸರ್, ಲಬೇರಿಯಸ್ ಎಂಬ ಗೌರವಸ್ಥ ಲೇಖಕನನ್ನು ತಾನೇ ಬರೆದ ಪ್ರಹಸನದಲ್ಲಿ ವೇಷ ಹಾಕಿ ಕುಣಿಯುವಂತೆ ಮಾಡಿದ. ವಯಸ್ಸು ಅರವತ್ತು, ವೇಷ ಹಾಕಿದರೆ ಪದವಿ ಹೋಗುತ್ತದೆ. ಮುದುಕ ಹಾಕಿದ, ಹಾಕಿ ಸೀಸರನಿಗೆ ತಗಲುವ ಮಾತನ್ನೂ ಆಡಿದ. ಇಡೀ ಸಭೆ ತಿರುಗಿ ಸೀಸರನ ಮುಖ ನೋಡಿತಂತೆ. ಸೀಸರ್ ಮಾಡಿದ್ದೇನು? ಸ್ಪರ್ಧೆಯ ಬಹುಮಾನವನ್ನು ಎದುರಾಳಿಗೆ ಕೊಟ್ಟ. ಲಬೇರಿಯಸ್‌ಗೆ ಪದವಿಯ ಉಂಗುರವನ್ನೂ 5 ಲಕ್ಷ ಸೆಸ್ಟರ್ಸ್ ನಾಣ್ಯವನ್ನೂ ಕೊಟ್ಟು ಕಳಿಸಿದ. ತನ್ನನ್ನು ಬೈಯುವ ನಾಟಕಕ್ಕೆ ಬಂದು ಮುಂದೆ ಕೂತು ನಗುವ ಮಂತ್ರಿ ಬೆವರುವುದಿಲ್ಲ. ಎಂಥ ದೊಡ್ಡ ಮನಸ್ಸು ಎನ್ನಿಸಿಕೊಂಡು ಮನೆಗೆ ಹೋಗುತ್ತಾನೆ. ಹಿರಣ್ಣಯ್ಯನವರಿಗೂ ರಾಜ್ಯೋತ್ಸವ ಪ್ರಶಸ್ತಿ ಬಂತು, ಕೊಟ್ಟದ್ದು ಸರ್ಕಾರವೇ.

ಹಾಗಾದರೆ ಹಿರಣ್ಣಯ್ಯನವರಿಗೆ ಹೆಸರು ಹೇಳುವುದು ಸಾಧ್ಯವಾದದ್ದು ಹೇಗೆ? ಎದೆಗಾರಿಕೆ ಇತ್ತು, ಅನುಮಾನವಿಲ್ಲ. ಅದರ ಕೆಳಗೆ ಇನ್ನೊಂದು ಗಟ್ಟಿ ನೆಲವಿತ್ತು, ಅದು ಟಿಕೆಟ್. ಕಂಪನಿ ನಾಟಕದ ಇಡೀ ಬದುಕು ಕಲೆಕ್ಷನ್ನಿನ ಮೇಲೆ. ಊರಿನಲ್ಲಿ ಕ್ಯಾಂಪ್ ಹಾಕುವುದು, ನೆಲ, ಬೆಂಚು, ಕುರ್ಚಿ ಎಂದು ದರ ಮಾಡುವುದು, ಕಲೆಕ್ಷನ್ ಇಳಿದರೆ ಪರದೆ ಸುತ್ತಿಕೊಂಡು ಮುಂದಿನ ಊರಿಗೆ ಲಾರಿ ಹತ್ತುವುದು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಿಂದ ಇದೇ ಕ್ರಮ. ಗುಬ್ಬಿ ವೀರಣ್ಣ ಕಂಪನಿಯ ಮಾಲೀಕರು, ಅವರೇ ‘ಸದಾರಮೆ’ಯ ಕಳ್ಳ. ಜನ ಆ ಕಳ್ಳನನ್ನು ನೋಡಲೆಂದೇ ಟಿಕೆಟ್ ಕೊಳ್ಳುತ್ತಿದ್ದರು. ಹಿರಣ್ಣಯ್ಯನವರೂ ಹಾಗೆಯೇ, ಮಾಲೀಕ, ನಟ, ಮಾತು ಕಟ್ಟುವವನು ಎಲ್ಲ ಒಬ್ಬರೇ. ರೋಮಿನಲ್ಲಿ ನಗಿಸುವವನ ಬೆನ್ನಿಗೆ ಚಾವಟಿ ಕಾದಿತ್ತು. ಇಲ್ಲಿ ನಗಿಸುವವನ ಸೊಂಟದಲ್ಲಿ ಗಲ್ಲಾಪೆಟ್ಟಿಗೆಯ ಬೀಗದ ಕೈ. ಶಾಸಕರು ಮುನಿಸಿಕೊಂಡರೆ ನಾಳೆಯ ಆಟ ನಿಲ್ಲುವುದಿಲ್ಲ, ನೆಲದವರು ಮುನಿಸಿಕೊಂಡರೆ ನಿಲ್ಲುತ್ತದೆ.

ಕಂಪನಿ ಹಾಸ್ಯವನ್ನು ತುಚ್ಛವಾಗಿ ಕಂಡ ನಮ್ಮ ನವ್ಯರು ಈ ಲೆಕ್ಕವನ್ನು ನೋಡಲೇ ಇಲ್ಲ. ಹಿಂದೆ ದರ್ಬಾರಿನ ಸೀನರಿ ಕಟ್ಟುವ ಹೊತ್ತಿಗೆ ಮುಂದಿನ ಬೀದಿ ಪರದೆಯ ಎದುರು ತುರುಕಿದ ಅಗ್ಗದ ಸರಕು, ದ್ವಂದ್ವಾರ್ಥ, ಕಥೆಗೆ ಸಂಬಂಧವಿಲ್ಲ ಎಂಬುದು ದೂರು. ಕಥೆಗೆ ಸಂಬಂಧವಿರಲಿಲ್ಲ, ನಿಜ. ಆದ್ದರಿಂದಲೇ ಅಲ್ಲಿ ರಾಗಿಯ ರೇಟು, ಪೊಲೀಸಪ್ಪ, ಊರಿನ ಸಾಹುಕಾರ ಬರಲು ಜಾಗವಿತ್ತು. ಮೂಡಲಪಾಯದ ಕೋಡಂಗಿಗೂ ಅದೇ ಸಲಿಗೆ. ಪುರಾಣದ ರಾಜನ ಎದುರು ನಿಂತು ಇವತ್ತಿನ ಮಾತು ಆಡುವವನು ಅವನೊಬ್ಬನೇ. ಪ್ಲಾಟಸ್‌ನನ್ನೂ ಪಂಡಿತರು ಬಹಳ ಕಾಲ ಹೀಗೇ ಬೈದರು, ಮೆನಾಂಡರನ ಕಟ್ಟನ್ನು ಕೆಡಿಸಿ ಕುಣಿತ, ಬಯ್ಗುಳ ತುರುಕಿದ ಎಂದು. ಕೆಡಿಸಿದ ಜಾಗದಲ್ಲೇ ಗುಲಾಮ ನಿಂತು ಮಾತಾಡಿದ್ದು.

ಹೀಗೆಂದ ಮಾತ್ರಕ್ಕೆ ಟಿಕೆಟ್ ಇದ್ದರೆ ಎಲ್ಲ ಸರಿ ಎಂದಲ್ಲ. ಮೊದಲನೆಯದಾಗಿ, ಲೈಸೆನ್ಸು ಎಂಬುದೊಂದಿತ್ತು. ಬ್ರಿಟಿಷರ 1876ರ ನಾಟಕ ಪ್ರದರ್ಶನ ಕಾಯ್ದೆಯ ಹಾದಿಯಲ್ಲೇ ನಮ್ಮ ರಾಜ್ಯವೂ 1964ರಲ್ಲಿ ತನ್ನದೊಂದು ಮಾಡಿಕೊಂಡಿತು. ಟಿಕೆಟ್ ಮಾರಿದ ಮೇಲೂ ಆಟ ನಿಲ್ಲಬಹುದು. 2021ರ ನವೆಂಬರಿನಲ್ಲಿ ಸ್ಟ್ಯಾಂಡ್‌ಅಪ್ ಹಾಸ್ಯಗಾರ ಮುನಾವರ್ ಫಾರೂಕಿ ಅವರ ಬೆಂಗಳೂರಿನ ಕಾರ್ಯಕ್ರಮ ಪೊಲೀಸರ ಪತ್ರದಿಂದ ರದ್ದಾಯಿತು, ಅವರು ಏನು ಹೇಳಲಿದ್ದರೆಂದು ಯಾರೂ ಕೇಳುವ ಮುಂಚೆಯೇ. ಎರಡನೆಯದು, ಟಿಕೆಟ್ ಜನರನ್ನು ಸೋಸುತ್ತದೆ. ಈಗಿನ ಸ್ಟ್ಯಾಂಡ್‌ಅಪ್ಪಿನವರು ಸೋಫಾದ ಹಂಗಿಲ್ಲದೆ ಮಾತಾಡಬಲ್ಲರು. ಆದರೆ ಕೆಫೆಯ ಮಹಡಿಯಲ್ಲಿ ನೂರು ಜನ, ತಲೆಗೆ ನಾನ್ನೂರು ಐನೂರು ರೂಪಾಯಿ, ಎಲ್ಲರ ವಯಸ್ಸೂ ಸಂಬಳವೂ ಹೆಚ್ಚುಕಡಿಮೆ ಒಂದೇ. ಅವರನ್ನು ನಗಿಸಲು ಅವರ ಮ್ಯಾನೇಜರನನ್ನು ಬೈದರೆ ಸಾಕು. ಯಲಹಂಕದ ಮೈದಾನದಲ್ಲಿ ಪೌರಕಾರ್ಮಿಕರ ಮನೆಯವರು, ಫ್ಲ್ಯಾಟಿನವರು, ಊರೊಳಗಿನ ಗೌಡರ ಮನೆಯವರು ಒಂದೇ ಮಾತಿಗೆ ನಗುವುದನ್ನು ಆ ಕೆಫೆ ಕೊಡಲಾರದು. ಪುಕ್ಕಟೆ ಹಾಸ್ಯ ಸಂಜೆಗೆ ನಾನು ಕೊಡುವ ಗೌರವ ಇದೊಂದಕ್ಕೆ, ಮತ್ತದು ಸಣ್ಣದಲ್ಲ. ಗಂಡ ಹೆಂಡತಿ ಜೋಕು ಎಂದು ಮೂಗು ಮುರಿಯುವವರು, ಅಷ್ಟು ಬಗೆಯ ಜನಕ್ಕೆ ಒಟ್ಟಿಗೆ ಅರ್ಥವಾಗುವ, ಕಮಾನಿನ ಮೇಲಿನ ಯಾರಿಗೂ ತಗಲದ ಇನ್ನೊಂದು ವಿಷಯ ಹೇಳಲಿ ನೋಡೋಣ. ಪ್ಲಾಟಸ್‌ಗೂ ಸಿಕ್ಕಿದ್ದು ಅಪ್ಪ ಮಗನ ಜಗಳವೇ. ಅವನು ಆ ಜಗಳದೊಳಕ್ಕೆ ಗುಲಾಮನನ್ನು ತಂದು ನಿಲ್ಲಿಸಿದ. ನಮ್ಮ ಹಾಸ್ಯ ಸಂಜೆಯ ಮೇಲೆ ದೂರಿದ್ದರೆ ನನ್ನದು ಇಷ್ಟೇ: ಮನೆಯ ಕಥೆಯಲ್ಲಿ ಮನೆಗೆಲಸದವಳು ಬಂದರೂ ಗೆಲ್ಲುವುದಿಲ್ಲ, ರಜಾ ಹಾಕಿದಳೆಂದು ಬೈಸಿಕೊಂಡು ಹೋಗುತ್ತಾಳೆ.

ಇದೇ ಸೀಮೆಯಲ್ಲಿ ಮೂರನೆಯ ಒಂದು ಅರ್ಥಶಾಸ್ತ್ರವೂ ಇದೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಜಾತ್ರೆಗೆ ‘ಕುರುಕ್ಷೇತ್ರ’ ಆಡುವವರು ತಾವೇ ದುಡ್ಡು ಹಾಕುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹೇಳಿಕೊಡುತ್ತಾರೆ. ಕೃಷ್ಣ, ದುರ್ಯೋಧನ, ಕರ್ಣ, ಭೀಮ, ಒಂದೊಂದು ಪಾತ್ರಕ್ಕೆ ಒಂದೊಂದು ರೇಟು. 2008ರಲ್ಲಿ ವಿಮಾನ ನಿಲ್ದಾಣ ಬಂದು ಹೊಲಗಳು ಲೇಔಟ್ ಆದ ಮೇಲೆ ಸೀನರಿಯ ವೈಭವವೂ ಏರಿತು. ನೋಡುವವರಿಗೆ ಪುಕ್ಕಟೆ, ಆಡುವವನಿಗೆ ಖರ್ಚು. ಇಲ್ಲಿ ಹಾಸ್ಯದ ಪಾತ್ರಕ್ಕೆ ದುಡ್ಡು ಕೊಟ್ಟು ಮುಂದೆ ಬರುವವರು ಅಪರೂಪ. ಕೈಯಿಂದ ಸುರಿದವನಿಗೆ ಗದೆ ಬೇಕು, ಕಿರೀಟ ಬೇಕು, ಫ್ಲೆಕ್ಸಿನಲ್ಲಿ ಮೀಸೆ ಬೇಕು. ತನ್ನನ್ನು ನೋಡಿ ಜನ ನಗಲಿ ಎಂದು ಯಾರು ದುಡ್ಡು ಕೊಡುತ್ತಾರೆ?

ಜಾಲಹಳ್ಳಿಯ ಬಿಇಎಲ್, ಎಚ್‌ಎಂಟಿ, ಯಲಹಂಕದ ಗಾಲಿ ಕಾರ್ಖಾನೆ, ಇಂಥ ಕಡೆಯ ಕನ್ನಡ ಸಂಘಗಳ ಕಾಲದಲ್ಲಿ ನಾಲ್ಕನೆಯದೊಂದು ದಾರಿ ಇತ್ತು. ಸದಸ್ಯರ ಚಂದಾ. ಹಗಲು ಲೇತ್ ಮುಂದೆ ನಿಂತವರು ಸಂಜೆ ಕೈಲಾಸಂ ಆಡುತ್ತಿದ್ದರು, ಪರ್ವತವಾಣಿಯವರ ‘ಬಹದ್ದೂರ್ ಗಂಡ’ ಆಡುತ್ತಿದ್ದರು. ಜನರಲ್ ಮ್ಯಾನೇಜರು ಮುಂದೆ ಕೂತಿದ್ದರೂ ಚಂದಾ ಕೊಟ್ಟವರು ಹಿಂದೆ ಕೂತಿರುತ್ತಿದ್ದರು, ಆಡುವವರಿಗೂ ಅದು ಗೊತ್ತಿರುತ್ತಿತ್ತು. ವಾಚು ಮಾಡುತ್ತಿದ್ದ ಎಚ್‌ಎಂಟಿ ಕಂಪನಿಯನ್ನು 2016ರಲ್ಲಿ ಮುಚ್ಚಲು ತೀರ್ಮಾನಿಸಿದಾಗ ನಾವು ಗಡಿಯಾರಕ್ಕಾಗಿ ಮರುಗಿದೆವು. ಅಂಥ ಕಾರ್ಖಾನೆಗಳ ಜೊತೆ ಹೋದ ಪ್ರೇಕ್ಷಕರ ಬಗ್ಗೆ ಯಾರೂ ಬರೆಯಲಿಲ್ಲ.

ಜನರ ಅಭಿರುಚಿ ಕೆಟ್ಟಿದೆ ಎನ್ನುವವರಿಗೂ ಒಂದು ಮಾತು ಬಾಕಿ ಇದೆ. ಹಾಸ್ಯದವನು ಮಾತಾಡುವಾಗ ಹಿಂದಿನಿಂದ ಆರ್ಕೆಸ್ಟ್ರಾ ಬೇಕು ಎಂಬ ಕೂಗು ಎದ್ದಾಗಲೆಲ್ಲ ಈ ನಿಟ್ಟುಸಿರು ಕೇಳುತ್ತದೆ. ರೋಮಿನ ಟೆರೆನ್ಸ್‌ಗೂ ಹಾಗೇ ಆಗಿತ್ತೆಂದು ಕಥೆ ಹೇಳುತ್ತಾರೆ. ಆಫ್ರಿಕಾದಿಂದ ಗುಲಾಮನಾಗಿ ಬಂದು, ಆರೇ ಆರು ನಾಟಕ ಬರೆದು, ಚಿಕ್ಕ ವಯಸ್ಸಿಗೇ ಹೋದವನು. ಅವನ ‘ಅತ್ತೆ’ ನಾಟಕ ಕ್ರಿ.ಪೂ. 165ರಲ್ಲಿ ಒಮ್ಮೆ, 160ರಲ್ಲಿ ಇನ್ನೊಮ್ಮೆ ನಡುವೆಯೇ ನಿಂತಿತು. ಮೊದಲ ಸಲ ಮುಷ್ಟಿಕಾಳಗ ಮತ್ತು ಹಗ್ಗದ ಮೇಲೆ ನಡೆಯುವವನ ಗುಲ್ಲು, ಎರಡನೆಯ ಸಲ ಕತ್ತಿಕಾಳಗದ ಗುಲ್ಲು. ನೋಡಿ, ಒರಟು ಜನ ಒಳ್ಳೆಯ ನಾಟಕ ಬಿಟ್ಟು ಎದ್ದು ಹೋದರು ಎಂದು ಪಾಠ ಹೇಳುತ್ತಾರೆ. ಆ ನಾಟಕದ ಪೀಠಿಕೆಯನ್ನೇ ನಿಧಾನವಾಗಿ ಓದಿದರೆ ಎರಡನೆಯ ಸಲ ಆದದ್ದು ಬೇರೆ. ಕತ್ತಿಕಾಳಗ ಅಲ್ಲೇ ನಡೆಯುತ್ತದೆಂದು ಹೊರಗಿನವರು ನುಗ್ಗಿ ಬಂದು ಜಾಗಕ್ಕೆ ಕಿತ್ತಾಡಿದರು. ಒಂದೇ ಅಂಗಳದಲ್ಲಿ ಒಂದರ ಹಿಂದೆ ಒಂದು ಪುಕ್ಕಟೆ ತಮಾಷೆ ಇಟ್ಟವರ ತಪ್ಪು ಅದು. ಅದೇ ಟೆರೆನ್ಸಿನ ‘ನಪುಂಸಕ’ ನಾಟಕಕ್ಕೆ ಕ್ರಿ.ಪೂ. 161ರಲ್ಲಿ 8,000 ಸೆಸ್ಟರ್ಸ್ ಸಿಕ್ಕಿತು, ಅಲ್ಲಿಯವರೆಗೆ ಯಾವ ಹಾಸ್ಯ ನಾಟಕಕ್ಕೂ ಸಿಗದ ಮೊತ್ತ. ಜನ ಅದೇ ಜನ.

ಇಷ್ಟೆಲ್ಲ ಚರ್ಚೆಯ ಕೊನೆಗೆ ಒಂದು ಬೇಡಿಕೆ ಬಂದೇ ಬರುತ್ತದೆ. ರಂಗಶಂಕರ ಜೆ.ಪಿ. ನಗರದಲ್ಲಿದೆ, ಕಲಾಕ್ಷೇತ್ರ ಜೆ.ಸಿ. ರಸ್ತೆಯಲ್ಲಿದೆ, ಹೆಬ್ಬಾಳದ ಮೇಲ್ಸೇತುವೆ ದಾಟಿ ಅಲ್ಲಿಗೆ ಹೋಗುವಷ್ಟರಲ್ಲಿ ಮೂರನೇ ಬೆಲ್ ಆಗಿರುತ್ತದೆ. ಉತ್ತರಕ್ಕೂ ಒಂದು ಭವ್ಯ ರಂಗಮಂದಿರ ಕಟ್ಟಿಸಿಕೊಡಿ, ಅನುದಾನ ಕೊಡಿ, ಒಳ್ಳೆಯ ಹಾಸ್ಯ ನಾಟಕ ತಾನಾಗಿ ಬರುತ್ತದೆ ಎಂದು. ದೂರದ ಕಷ್ಟ ಸುಳ್ಳಲ್ಲ. ಆದರೆ ಆ ಕಟ್ಟಡದ ಬಾಡಿಗೆಯನ್ನು ಒಂದು ಸಣ್ಣ ತಂಡ ನೂರು ರೂಪಾಯಿಯ ಟಿಕೆಟ್ಟಿನಿಂದ ಕಟ್ಟಲು ಆಗುತ್ತದೆಯೇ, ಇಲ್ಲ ಮತ್ತೆ ಪ್ರಾಯೋಜಕರ ಕಮಾನು ಏಳಬೇಕೇ ಎಂಬುದನ್ನು ನೀಲನಕ್ಷೆಗೆ ಮುಂಚೆ ಬರೆದುಕೊಡಲಿ. ಪ್ಲಾಟಸ್ ಟೆರೆನ್ಸ್ ಇಬ್ಬರೂ ಆಡಿಸಿದ್ದು ಬಿಚ್ಚುವ ಅಟ್ಟದ ಮೇಲೆ. ರೋಮಿಗೆ ಮೊದಲ ಕಲ್ಲಿನ ರಂಗಮಂದಿರ ಬಂದದ್ದು ಕ್ರಿ.ಪೂ. 55ರಲ್ಲಿ, ಪೊಂಪೆ ಎಂಬ ದಂಡನಾಯಕನ ದುಡ್ಡಿನಲ್ಲಿ. ಉದ್ಘಾಟನೆಗೆ ಆಡಿದ ಒಂದು ನಾಟಕದಲ್ಲಿ ಆರುನೂರು ಹೇಸರಗತ್ತೆಗಳು ರಂಗದ ಮೇಲೆ ಹಾದುಹೋದವೆಂದು ವಾಗ್ಮಿ ಸಿಸೆರೊ ಬೇಸರದಿಂದ ಗೆಳೆಯನಿಗೆ ಪತ್ರ ಬರೆದ. ಪ್ಲಾಟಸ್ ಮಾದರಿಯ ಹೊಸ ನಾಟಕ ಬರೆಯುವವರಲ್ಲಿ ಕೊನೆಯವನೆಂದು ಎಣಿಸುವ ಟರ್ಪೀಲಿಯಸ್ ಸತ್ತು ಆಗಲೇ ನಲವತ್ತೆಂಟು ವರ್ಷವಾಗಿತ್ತು.